ಗಂಗಾಳಕ್ಕೆ ಹಿಟ್ಟು, ಕಾರಿಗೆ ಕೌದಿ

ದೇವಣಗಾಂವದ ಬಳಿ ಭೀಮಾ ನದಿಯ ಸೇತುವೆ ಬಂದೊಡನೆ ನಮ್ಮ ಕಾಕಾ ಅವರ ಕಾರಿನಲ್ಲಿ ಕುಳಿತವರೆಲ್ಲ ಮಾತು ನಿಲ್ಲಿಸುತ್ತಾರೆ. ನದಿ ನೋಡುವ ಆಸೆಯಿಂದಲ್ಲ, ಮಾತನಾಡಿ ಪ್ರಯೋಜನವಿಲ್ಲವೆಂದು. ಕಾಂಕ್ರೀಟ್ ಹಾಸಿನ ಒಂದೊಂದು ಕೂಡಿಕೆಯ ಮೇಲೆ ಗಾಲಿ ಹಾಯ್ದಾಗಲೂ ನೆಲದಿಂದ ‘ಧಡ್’ ಎಂಬ ಸದ್ದು ಏಳುತ್ತದೆ. ನಾಲ್ಕೂ ಬಾಗಿಲುಗಳು ಅದಕ್ಕೆ ಹಿಮ್ಮೇಳ ಕೊಡುತ್ತವೆ. ಸೇತುವೆ ದಾಟಿ ಅಫಜಲಪುರದ ದಾರಿ ಹಿಡಿದ ಮೇಲೂ ಸದ್ದು ನಿಲ್ಲುವುದಿಲ್ಲ. ರಾಗ ಬದಲಾಗುತ್ತದೆ, ಅಷ್ಟೆ.

ಕಾಕಾ ಅವರದು ಬಾಡಿಗೆ ಕಾರು. ಹಳೆಯ ಡೀಸೆಲ್ ಗಾಡಿ. ಊರಿನ ಬಸುರಿ ಹೆಂಗಸರನ್ನು, ವಯಸ್ಸಾದವರನ್ನು ಕಲಬುರಗಿಗೋ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ದವಾಖಾನೆಗೆ ಕರೆದೊಯ್ಯುವುದೇ ಅದರ ಹೆಚ್ಚಿನ ಕೆಲಸ. ಹಿಂದಿನ ಸೀಟಿನಲ್ಲಿ ಮಲಗಿದವರು ಮೆಲ್ಲಗೆ ‘ಸ್ವಲ್ಪ ನಿಂದರಸ್ರಿ’ ಎಂದದ್ದು ಕಾಕಾ ಅವರಿಗೆ ಕೇಳಿಸುವುದಿಲ್ಲ. ಮುಂದಿನ ಸೀಟಿನವರು ಅದನ್ನು ಕೂಗಿ ದಾಟಿಸಬೇಕು. ಒಮ್ಮೆ ಹೀಗೆ ದಾಟಿಸುವಷ್ಟರಲ್ಲಿ ಕಾರು ಎರಡು ಕಿಲೊಮೀಟರ್ ಮುಂದೆ ಹೋಗಿತ್ತು. ನೋವಿನಲ್ಲಿದ್ದವರಿಗೆ ಎರಡು ಕಿಲೊಮೀಟರ್ ಎಂದರೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಘಟನೆಯ ನಂತರ ಕಾಕಾ ಪಟ್ಟಣದ ಅಂಗಡಿಯೊಂದರಿಂದ ‘ಸೌಂಡ್‌ಪ್ರೂಫ್’ ಎಂದು ಹೇಳಿ ಕೊಟ್ಟ ಕರಿ ಸ್ಪಂಜಿನ ಸುರುಳಿ ತಂದರು. ಅದನ್ನು ಬಾಗಿಲುಗಳ ಒಳಗೆ, ನೆಲದ ಮ್ಯಾಟಿನ ಕೆಳಗೆ, ಎಲ್ಲೆಲ್ಲಿ ಜಾಗವಿತ್ತೋ ಅಲ್ಲೆಲ್ಲ ಅಂಟಿಸಿದರು. ಸದ್ದು ಇದ್ದಷ್ಟೇ ಇತ್ತು. ಮಳೆಗಾಲದಲ್ಲಿ ಸ್ಪಂಜು ನೀರು ಕುಡಿದು ನಾರತೊಡಗಿತು. ದೀಪಾವಳಿಯ ಹೊತ್ತಿಗೆ ಬಾಗಿಲಿನ ತಳಕ್ಕೆ ತುಕ್ಕು ಹಿಡಿದಿತ್ತು. ‘ರೊಕ್ಕಾ ಹೋತು, ಸಪ್ಪಳ ಉಳೀತು ನೋಡ್ ತಮ್ಮಾ’ ಎಂದು ಅವರು ನಕ್ಕರು. ಎಲ್ಲಿ ತಪ್ಪಾಯಿತು? ಯಾವ ವಸ್ತುವನ್ನು ಆರಿಸಬೇಕಿತ್ತು? ಈ ಪ್ರಶ್ನೆಗಳ ಬೆನ್ನು ಹತ್ತಿ ಹೊರಟಾಗ ದಾರಿ ನಮ್ಮ ಅಡಿಗೆ ಮನೆ, ಮಾಳಿಗೆ ಮನೆ, ಕೊನೆಗೆ ವಿಜಯಪುರದ ಗೋಳಗುಮ್ಮಟದ ಮೂಲಕವೇ ಹಾಯ್ದು ಹೋಯಿತು.

ಅಂಗಡಿಯವರನ್ನು ಪೂರ್ತಿಯಾಗಿ ದೂರುವಂತಿಲ್ಲ. ‘ಸೌಂಡ್‌ಪ್ರೂಫ್’ ಎಂಬ ಮಾತೇ ದಾರಿ ತಪ್ಪಿಸುವಂಥದ್ದು. ಮಳೆಗೆ ತಾಡಪತ್ರಿ ಹೊದಿಸಿದಂತೆ ಸದ್ದಿಗೂ ಒಂದು ವಸ್ತು ಹೊದಿಸಿದರೆ ಮುಗಿಯಿತು ಎಂಬ ಭಾವನೆ ಅದರಿಂದ ಹುಟ್ಟುತ್ತದೆ. ಆದರೆ ನೀರಿನ ಹಾಗೆ ಸದ್ದು ಒಂದು ಪದಾರ್ಥವಲ್ಲ, ಅದು ಅಲುಗಾಟ. ತಗಡು ಅಲುಗುತ್ತದೆ, ತಗಡಿನಿಂದ ಗಾಳಿ ಅಲುಗುತ್ತದೆ, ಗಾಳಿಯಿಂದ ಕಿವಿಯ ತಮಟೆ ಅಲುಗುತ್ತದೆ. ಈ ಸಾಲನ್ನು ಮೂರು ಕಡೆ ಮುರಿಯಬಹುದು. ಅಲುಗುವ ತಗಡಿನ ಮೈ ಹಿಡಿದು ನಿಲ್ಲಿಸಬಹುದು. ಬರುವ ಸದ್ದಿಗೆ ಭಾರವಾದ ಗೋಡೆಯನ್ನು ಅಡ್ಡ ಇಡಬಹುದು. ಒಳಗೆ ಬಂದು ಸುತ್ತಾಡುವ ಸದ್ದನ್ನು ಮೆತ್ತನೆಯ ವಸ್ತುವಿಗೆ ಕುಡಿಸಬಹುದು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಕಾಕಾ ಅವರು ತಂದದ್ದು ಕುಡಿಸುವ ವಸ್ತು. ಅವರ ಕಾರಿಗೆ ಮೊದಲು ಬೇಕಾಗಿದ್ದದ್ದು ಹಿಡಿದು ನಿಲ್ಲಿಸುವ ವಸ್ತು.

ಗಂಗಾಳದ ಪ್ರಯೋಗ

ಇದನ್ನು ತಿಳಿಯಲು ಪ್ರಯೋಗಶಾಲೆ ಬೇಕಾಗಿಲ್ಲ. ಸ್ಟೀಲಿನ ಗಂಗಾಳವೊಂದನ್ನು ಅಂಚಿನಲ್ಲಿ ಎರಡೇ ಬೆರಳಿನಿಂದ ತೂಗಿ ಹಿಡಿದು ಚಮಚದಿಂದ ಬಡಿಯಿರಿ. ‘ಠಣ್’ ಎಂದು ಬಹಳ ಹೊತ್ತು ಗುಂಯ್‌ಗುಡುತ್ತದೆ. ಈಗ ರೊಟ್ಟಿಗೆಂದು ನಾದಿದ ಜೋಳದ ಹಿಟ್ಟಿನಲ್ಲಿ ಒಂದು ಉಂಡೆ ತೆಗೆದು ಗಂಗಾಳದ ಬೆನ್ನಿನ ನಡುವೆ ಅಂಗೈಯಗಲ ಒತ್ತಿ ಅಂಟಿಸಿರಿ. ಮತ್ತೆ ಬಡಿದರೆ ‘ಠಪ್’ ಎಂದು ಅಲ್ಲಿಗೇ ಸುಮ್ಮನಾಗುತ್ತದೆ. ಭಜನೆಯ ತಾಳ ಬಾರಿಸುವವರು ನಾದ ಸಾಕೆನಿಸಿದಾಗ ತಾಳವನ್ನು ಅಂಗೈಗೆ ಒತ್ತಿಕೊಳ್ಳುತ್ತಾರಲ್ಲ, ಅದೂ ಇದೇ ಉಪಾಯ.

ಹಿಟ್ಟು ಸದ್ದನ್ನು ತಡೆಯಲಿಲ್ಲ, ಕುಡಿಯಲೂ ಇಲ್ಲ. ಗಂಗಾಳ ಬಾಗಿದಾಗಲೆಲ್ಲ ಅಂಟಿಕೊಂಡ ಹಿಟ್ಟೂ ಅದರೊಡನೆ ಹಿಗ್ಗಿ ಕುಗ್ಗಬೇಕಾಯಿತು. ಹಿಟ್ಟಿನ ಒಳಗಿನ ತಿಕ್ಕಾಟದಲ್ಲಿ ಅಲುಗಾಟದ ಶಕ್ತಿ ಬಿಸಿಯಾಗಿ ಕಳೆದುಹೋಯಿತು. ಆ ಬಿಸಿ ಕೈಗೆ ತಾಕುವಷ್ಟಿರುವುದಿಲ್ಲ. ಇಲ್ಲಿ ಎರಡು ಸಂಗತಿ ಗಮನಿಸಬೇಕು. ಹಿಟ್ಟು ಗಟ್ಟಿಯಾಗಿ ಅಂಟಿರಬೇಕು. ಗಂಗಾಳದ ಮೇಲೆ ಸುಮ್ಮನೆ ಬಟ್ಟೆ ಹೊದಿಸಿದರೆ ಅಷ್ಟು ಫಲವಿಲ್ಲ. ಹಾಗೆಯೇ ಗಂಗಾಳವನ್ನು ಅಂಚಿನವರೆಗೆ ಹಿಟ್ಟಿನಿಂದ ಮೆತ್ತಬೇಕಾಗಿಲ್ಲ.

ಕಾರಿನ ಬಾಗಿಲು ಹೊರನೋಟಕ್ಕೆ ದಪ್ಪ. ಆದರೆ ಅದರ ಹೊರಗಿನ ತಗಡು ಒಂದು ಮಿಲಿಮೀಟರಿಗಿಂತಲೂ ತೆಳು. ಬೆರಳ ಗೆಣ್ಣಿನಿಂದ ಅದರ ನಡುವೆ ಬಡಿದು ನೋಡಿ: ಡಬ್ಬಿಯ ಸದ್ದು ಬಂದರೆ ಅದು ಹಿಟ್ಟು ಅಂಟಿಸದ ಗಂಗಾಳ. ಇಲ್ಲಿ ಜೋಳದ ಹಿಟ್ಟಿನ ಕೆಲಸ ಮಾಡುವ ಹಾಳೆಗಳು ಪೇಟೆಯಲ್ಲಿ ಎರಡು ಜಾತಿಯವು. ಒಂದು ಡಾಂಬರಿನ ಜಾತಿ, ಇನ್ನೊಂದು ಬ್ಯುಟೈಲ್ ರಬ್ಬರಿನ ಜಾತಿ. ಎರಡನೆಯದರ ಬೆನ್ನಿಗೆ ಅಲ್ಯುಮಿನಿಯಂ ಹಾಳೆ ಇರುತ್ತದೆ. ಅದು ಹೊಳಪಿಗಾಗಿ ಅಲ್ಲ. ಒಂದು ಕಡೆ ಕಾರಿನ ತಗಡು, ಇನ್ನೊಂದು ಕಡೆ ಈ ಹಾಳೆ, ನಡುವೆ ಸಿಕ್ಕ ರಬ್ಬರು ಎರಡೂ ಕಡೆಯಿಂದ ಜಗ್ಗಾಟಕ್ಕೆ ಒಳಗಾಗುವುದರಿಂದ ಅಲುಗಾಟ ಇನ್ನೂ ಬೇಗ ಸಾಯುತ್ತದೆ.

ನಮ್ಮ ಕಡೆಯ ಬಿಸಿಲಿಗೆ ಡಾಂಬರಿನ ಹಾಳೆಯನ್ನು ನಾನಂತೂ ಆರಿಸಲಾರೆ. ಕಾರು ತಯಾರಿಸುವ ಕಾರ್ಖಾನೆಗಳು ಅಂಥ ಹಾಳೆಗಳನ್ನು ನೆಲದ ಮೇಲೆ ಹಾಕಿ ಒಲೆಯಲ್ಲಿ ಕಾಯಿಸಿ ಕೂಡಿಸುತ್ತವೆ. ಅದು ಬೇರೆ ಮಾತು. ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಉಷ್ಣಾಂಶ 40 ಡಿಗ್ರಿ ದಾಟಿದಾಗ ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನ ಒಳಗೆ 60 ಡಿಗ್ರಿಗೂ ಮೀರಬಹುದು. ಕೈಯಿಂದ ಅಂಟಿಸಿದ ಅಗ್ಗದ ಡಾಂಬರು ಆಗ ಮೆತ್ತಗಾಗುತ್ತದೆ, ವಾಸನೆ ಬಿಡುತ್ತದೆ, ಬಾಗಿಲಿನಿಂದಲೂ ಛಾವಣಿಯಿಂದಲೂ ಜಾರುತ್ತದೆ. ಮನೆಯ ಸೋರಿಕೆ ತಡೆಯಲು ಮಾರುವ ಡಾಂಬರಿನ ಪಟ್ಟಿ ಅಗ್ಗವೆಂದು ಕಾರಿಗೆ ಅಂಟಿಸುವವರಿದ್ದಾರೆ. ಅದರ ಫಲವನ್ನು ರೋಗಿಯ ಮೂಗು ಉಣ್ಣಬೇಕಾಗುತ್ತದೆ. ಬ್ಯುಟೈಲ್ ಹಾಳೆಗೆ ಹೆಚ್ಚು ರೊಕ್ಕ ಹೋಗುತ್ತದೆ ನಿಜ. ಆದರೆ ಇಡೀ ಬಾಗಿಲಿಗೆ ಅಂಟಿಸಬೇಕಾಗಿಲ್ಲ. ಪ್ರತಿ ತಗಡಿನ ನಡುಭಾಗದಲ್ಲಿ, ನಾಲ್ಕರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ, ಎಣ್ಣೆ ಧೂಳು ಒರೆಸಿ, ರೋಲರಿನಿಂದ ಉಜ್ಜಿ ಕೂಡಿಸಿದರೆ ಬಹುಪಾಲು ಲಾಭ ಸಿಗುತ್ತದೆ. ಉಳಿದ ಮುಕ್ಕಾಲು ಪಾಲಿಗೂ ಅಂಟಿಸಿದರೆ ತೂಕ ಏರುತ್ತದೆ, ಲಾಭ ಅಷ್ಟಾಗಿ ಏರುವುದಿಲ್ಲ.

ಮಾಳಿಗೆ ಮನೆಯ ಮಳೆ

ಇನ್ನು ಗೋಡೆಯ ಮಾತು. ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಲಗಿದವರಿಗೆ ರಾತ್ರಿ ಮಳೆ ಬಂದದ್ದು ಬೆಳಕಿಂಡಿಯಿಂದ ಹನಿ ಬಿದ್ದಾಗಲೇ ತಿಳಿಯುವುದು. ಪಕ್ಕದಲ್ಲೇ ಕಟ್ಟಿದ ತಗಡಿನ ಶೆಡ್ಡಿನಲ್ಲಿ ಮಲಗಿದವರು ಮೊದಲ ಹನಿಗೇ ಎದ್ದು ಕೂರುತ್ತಾರೆ. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆಯ ಹಾಸು, ಅದರ ಮೇಲೆ ಮಣ್ಣು. ಒಂದಡಿ ದಪ್ಪದ ಮಣ್ಣಿನ ಹಾಸು ಒಂದು ಚದರ ಮೀಟರಿಗೆ ಸುಮಾರು 5 ಕ್ವಿಂಟಲ್ ತೂಗುತ್ತದೆ. ಕಾರಿನ ಬಾಗಿಲಿನ ತಗಡು ಅದೇ ಅಳತೆಗೆ 5–6 ಕಿಲೊ. ಭಾರವಾದದ್ದನ್ನು ಅಲುಗಿಸುವುದು ಗಾಳಿಗೆ ಕಷ್ಟ. ಅಲುಗದ ಗೋಡೆ ಸದ್ದನ್ನು ಆಚೆಗೆ ದಾಟಿಸಲಾರದು. ಇಷ್ಟೇ ಅದರ ಗುಟ್ಟು.

ಇದಕ್ಕೊಂದು ಲೆಕ್ಕವಿದೆ. ಗೋಡೆಯ ತೂಕ ಎರಡರಷ್ಟಾದರೆ ದಾಟಿ ಬರುವ ಸದ್ದು ಹೆಚ್ಚೆಂದರೆ 6 ಡೆಸಿಬಲ್ ಕಡಿಮೆಯಾಗುತ್ತದೆ. ಡೆಸಿಬಲ್ ಎಂಬ ಅಳತೆ ಸೇರು ಪಾವಿನಂತೆ ನೇರವಾದದ್ದಲ್ಲ. 10 ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಸುಮಾರು ಅರ್ಧಕ್ಕೆ ಇಳಿದಂತೆ ತೋರುತ್ತದೆ. ಅಂದರೆ ಕಾರಿನ ತಗಡನ್ನು ಎರಡರಷ್ಟು ಭಾರ ಮಾಡಿದರೂ ಸದ್ದು ಅರ್ಧಕ್ಕೆ ಇಳಿಯುವುದಿಲ್ಲ. ಕಾರನ್ನು ಮಾಳಿಗೆ ಮನೆ ಮಾಡಲು ಹೊರಟರೆ ಇಂಜಿನ್ನಿಗೆ ಅದನ್ನು ಎಳೆಯಲಾಗುವುದಿಲ್ಲ.

ಹೀಗಾಗಿ ಭಾರದ ಹಾಳೆಯನ್ನು ಎಲ್ಲ ಕಡೆ ಹರಡದೆ ನೆಲಕ್ಕೂ ಗಾಲಿಯ ಮೇಲಿನ ಕಮಾನಿಗೂ ಮೀಸಲಿಡುವುದು ಜಾಣತನ. ಖನಿಜದ ಪುಡಿ ಬೆರೆಸಿ ಭಾರ ಮಾಡಿದ ವಿನೈಲ್ ಹಾಳೆ ಒಂದು ಚದರ ಮೀಟರಿಗೆ 5 ಕಿಲೊ ತೂಗುವಂಥದ್ದು ಸಿಗುತ್ತದೆ. ಅದನ್ನು ತಗಡಿಗೆ ನೇರವಾಗಿ ಅಂಟಿಸಬಾರದು. ಕೆಳಗೆ ಮೆತ್ತನೆಯ ಹಾಸು, ಮೇಲೆ ಈ ಭಾರದ ಹಾಳೆ. ಹೀಗೆ ತಗಡಿನಿಂದ ಬಿಡಿಸಿಟ್ಟಾಗ ಎರಡು ಗೋಡೆಗಳ ನಡುವೆ ಮೆತ್ತೆ ಇಟ್ಟಂತಾಗಿ ಅದೇ ತೂಕ ಹೆಚ್ಚು ಕೆಲಸ ಮಾಡುತ್ತದೆ. ಒಳ್ಳೆಯ ಕಾರುಗಳ ನೆಲಹಾಸನ್ನು ಎತ್ತಿ ನೋಡಿದರೆ ಇದೇ ಏರ್ಪಾಡು ಕಣ್ಣಿಗೆ ಬೀಳುತ್ತದೆ.

ಗೋಡೆಯ ವಿಷಯದಲ್ಲಿ ಹೆಚ್ಚಿನವರು ಮರೆಯುವುದು ಬಿರುಕನ್ನು. ಗೋಡೆ ಎಷ್ಟೇ ದಪ್ಪವಿರಲಿ, ಅದರ ನೂರರಲ್ಲಿ ಒಂದು ಪಾಲು ತೆರೆದಿದ್ದರೆ ಅದರ ಒಟ್ಟು ತಡೆ 20 ಡೆಸಿಬಲ್ ಮೀರಲಾರದು. ಹತ್ತು ವರ್ಷದ ಕಾರಿನ ಬಾಗಿಲ ಸುತ್ತಲಿನ ರಬ್ಬರ್ ಬೀಡಿಂಗ್ ಒಣಗಿ ಚಪ್ಪಟೆಯಾಗಿರುತ್ತದೆ. ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಹೊರಗೆ ಬಂದರೆ ಅಲ್ಲಿಂದಲೇ ಗಾಳಿಯೂ ಸದ್ದೂ ಒಳಬರುತ್ತಿವೆ. ದುಬಾರಿ ಹಾಳೆ ಕೊಳ್ಳುವ ಮೊದಲು ಈ ರಬ್ಬರು ಬದಲಿಸಬೇಕು. ಇದನ್ನು ಅಂಗಡಿಯಲ್ಲಿ ಯಾರೂ ಮೊದಲಿಗೆ ಹೇಳುವುದಿಲ್ಲ. ರಬ್ಬರಿನಲ್ಲಿ ಅಷ್ಟು ಲಾಭವಿಲ್ಲವೇನೋ!

ಗೋಳಗುಮ್ಮಟ ಕಲಿಸುವ ಪಾಠ

ತಡೆಯುವುದು ಬೇರೆ, ಕುಡಿಸುವುದು ಬೇರೆ ಎಂಬುದಕ್ಕೆ ವಿಜಯಪುರದ ಗೋಳಗುಮ್ಮಟಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹಿಯ ಗೋರಿ ಅದು. ಗೋಡೆಗಳ ದಪ್ಪ ಸುಮಾರು 10 ಅಡಿ. ಗುಮ್ಮಟದ ಹೊರಗಿನ ಅಡ್ಡಳತೆ 44 ಮೀಟರ್. ಭಾರಕ್ಕೆ ಅಲ್ಲಿ ಕೊರತೆಯೇ ಇಲ್ಲ. ಆದರೂ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರೆ ಅದು ಏಳು, ಎಂಟು ಸಲ ಮರಳಿ ಬರುತ್ತದೆ. ಶಾಲೆಯ ಮಕ್ಕಳ ಪ್ರವಾಸ ಬಂದ ದಿನ ಅಲ್ಲಿ ನಿಂತವರಿಗೆ ಗೊತ್ತು, ಕಿವಿ ಮುಚ್ಚಿಕೊಳ್ಳುವುದೊಂದೇ ದಾರಿ. ದಪ್ಪ ಗೋಡೆ ಹೊರಗಿನ ಸದ್ದನ್ನು ತಡೆಯಬಲ್ಲುದು. ಆದರೆ ಒಳಗೆ ಹುಟ್ಟಿದ ಸದ್ದು ಗಟ್ಟಿ ಗಾರೆಯ ಮೈಗೆ ತಾಗಿ ತಾಗಿ ಮರಳುತ್ತಲೇ ಇರುತ್ತದೆ, ಅದನ್ನು ಕುಡಿಯುವ ಮೆತ್ತನೆಯ ವಸ್ತು ಅಲ್ಲಿಲ್ಲ.

ಮೆತ್ತನೆಯ ವಸ್ತು ಎಷ್ಟು ಸದ್ದು ಕುಡಿಯುತ್ತದೆ ಎಂಬುದನ್ನು ಮೊದಲು ಅಳೆದು ತೋರಿಸಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ತರುಣ ಭೌತವಿಜ್ಞಾನಿ ವಾಲೇಸ್ ಸೇಬಿನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಉಪನ್ಯಾಸಕರ ಮಾತು ಗುಂಯ್‌ಗುಟ್ಟಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಸೇಬಿನ್ ರಾತ್ರಿ ಹೊತ್ತು ಹತ್ತಿರದ ಸ್ಯಾಂಡರ್ಸ್ ರಂಗಮಂದಿರದ ಆಸನದ ದಿಂಬುಗಳನ್ನು ಹೊತ್ತು ತರಿಸಿದರು. ಒಂದೊಂದು ಸಾಲು ಇಟ್ಟಂತೆ ಆರ್ಗನ್ನಿನ ದನಿ ಎಷ್ಟು ಬೇಗ ಅಡಗುತ್ತದೆಂದು ಗಡಿಯಾರ ಹಿಡಿದು ಬರೆದುಕೊಂಡರು, ಬೆಳಗಾಗುವುದರೊಳಗೆ ದಿಂಬುಗಳನ್ನು ಮರಳಿಸಿದರು. ಸಭಾಂಗಣಗಳ ಧ್ವನಿವಿಜ್ಞಾನ ಹುಟ್ಟಿದ್ದು ಹೀಗೆ, ಸಾಲ ತಂದ ದಿಂಬುಗಳಿಂದ. ಅವರು ಲೆಕ್ಕ ಹಾಕಿಕೊಟ್ಟ ಬಾಸ್ಟನ್ನಿನ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು.

ನಮ್ಮಲ್ಲಿ ದಿಂಬಿಗೆ ಬದಲು ಕೌದಿ, ಕಂಬಳಿ. ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದ ಕೌದಿಯೂ, ಕುರುಬರು ದಖ್ಖನಿ ಕುರಿಯ ಉಣ್ಣೆಯಿಂದ ನೇಯ್ದ ಕಂಬಳಿಯೂ ಸದ್ದು ಕುಡಿಯುವ ಗುಣವುಳ್ಳವು. ಎಳೆಗಳ ನಡುವಿನ ಇಕ್ಕಟ್ಟಿನಲ್ಲಿ ಗಾಳಿ ಹಿಂದೆ ಮುಂದೆ ನುಸುಳುವಾಗ ತಿಕ್ಕಾಟವಾಗಿ ಸದ್ದು ಸವೆಯುತ್ತದೆ. ಸವಾರಿ ಚಕ್ಕಡಿಯಲ್ಲಿ ಹುಲ್ಲು ಹಾಸಿ ಅದರ ಮೇಲೆ ಕೌದಿ ಹಾಕುತ್ತಿದ್ದದ್ದು ಸದ್ದಿಗಾಗಿ ಅಲ್ಲ, ಎತ್ತಾಕುವುದು ತಪ್ಪಲೆಂದು. ಹಿರಿಯರಿಗೆ ಎಲ್ಲವೂ ಗೊತ್ತಿತ್ತು ಎಂದು ಇಲ್ಲಿ ನಾನು ಹೇಳಹೊರಟಿಲ್ಲ. ಆದರೆ ಹಳೆಯ ಕಾರುಗಳ ನೆಲಹಾಸಿನ ಕೆಳಗಿನ ಸೆಣಬಿನ ಫೆಲ್ಟು, ಇಂದಿನ ಕಾರುಗಳಲ್ಲಿ ಹಳೆ ಬಟ್ಟೆಯ ಚಿಂದಿಯನ್ನು ಹಿಂಜಿ ಮಾಡಿದ ಫೆಲ್ಟು, ಇವೆರಡೂ ಕೌದಿಯ ದಾಯಾದಿಗಳೇ ಸರಿ.

ಹಾಗಾದರೆ ಕಾಕಾ ಅವರ ಸ್ಪಂಜು ಕುಡಿಯುವ ಜಾತಿಯದೇ ಆಗಿದ್ದರೂ ಏಕೆ ಸೋತಿತು? ಕುಡಿಯುವ ವಸ್ತುವಿಗೆ ದಪ್ಪ ಬೇಕು. ಸದ್ದಿನ ಅಲೆಗೆ ಉದ್ದವಿದೆ. ಸೆಕೆಂಡಿಗೆ 1,000 ಸಲ ಅಲುಗುವ ಸದ್ದಿನ ಅಲೆ ಸುಮಾರು 34 ಸೆಂಟಿಮೀಟರ್. ಅದನ್ನು ಚೆನ್ನಾಗಿ ಕುಡಿಯಬೇಕಾದರೆ ಮೆತ್ತೆಯ ದಪ್ಪ ಅದರ ಕಾಲು ಭಾಗದಷ್ಟು, ಅಂದರೆ ಸುಮಾರು ಎಂಟೂವರೆ ಸೆಂಟಿಮೀಟರ್ ಇರಬೇಕು. ರಸ್ತೆಗೆ ಉಜ್ಜುವ ಟಯರಿನ ಸದ್ದು ಹೆಚ್ಚಾಗಿ ಇರುವುದು ಇದೇ ಮಟ್ಟದ ಆಸುಪಾಸಿನಲ್ಲಿ. ಇಂಜಿನ್ನಿನ ಮೊರೆತವಂತೂ ಇನ್ನೂ ಕೆಳಗಿನದು. ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 2,400 ಸುತ್ತು ತಿರುಗುವಾಗ ಅದರೊಳಗೆ ಸೆಕೆಂಡಿಗೆ 80 ಸಿಡಿತಗಳಾಗುತ್ತವೆ. ಆ ಸದ್ದಿನ ಅಲೆಯ ಉದ್ದ 4 ಮೀಟರಿಗೂ ಹೆಚ್ಚು; ಕಾರಿನ ಒಡಲಿಗಿಂತ ಉದ್ದ! ಬೆರಳ ದಪ್ಪದ ಸ್ಪಂಜು ಅದನ್ನೇನು ಮಾಡೀತು? ಕೀರಲು, ಸುಯ್ಲು ಇಂಥ ಎತ್ತರದ ದನಿಗಳನ್ನಷ್ಟೇ ಅದು ಸ್ವಲ್ಪ ಮೃದುಗೊಳಿಸಬಲ್ಲುದು.

ಇಂಜಿನ್ನಿನ ಮೊರೆತಕ್ಕೆ ಮದ್ದು ಒಳಗಿಲ್ಲ, ಬಾನೆಟ್ಟಿನ ಕೆಳಗಿದೆ. ಇಂಜಿನ್ನನ್ನು ಹೊತ್ತ ಮೌಂಟಿಂಗ್ ರಬ್ಬರು ಹರಿದಿದ್ದರೆ, ಸೈಲೆನ್ಸರನ್ನು ತೂಗುಹಾಕಿದ ರಬ್ಬರು ಕಡಿದಿದ್ದರೆ ಅಲುಗಾಟ ನೇರವಾಗಿ ಕಬ್ಬಿಣದ ಮೂಲಕ ಕಾರಿನ ಮೈಗೆ ಹರಿಯುತ್ತದೆ. ಆಗ ಇಡೀ ಕಾರೇ ಒಂದು ನಗಾರಿ. ನಗಾರಿಯ ಒಳಗೆ ಕುಳಿತು ಹತ್ತಿ ಹಿಡಿದರೆ ಏನು ಬಂತು?

ಸದ್ದಿಲ್ಲದ ಕಾರಿನ ಕನಸು

ಕಾರು ಹುಟ್ಟಿದಾಗಿನಿಂದ ಸದ್ದಿಲ್ಲದಿರುವುದು ಸಿರಿವಂತಿಕೆಯ ಗುರುತೇ ಆಗಿದೆ. 1958ರ ರೋಲ್ಸ್‌ರಾಯ್ಸ್ ಜಾಹೀರಾತೊಂದು ವೇಗದಲ್ಲಿ ಹೋಗುವಾಗಲೂ ಕಾರಿನೊಳಗೆ ಗಡಿಯಾರದ ಸದ್ದೇ ದೊಡ್ಡದೆಂದು ಹೇಳಿ ಜಗತ್ತಿನಲ್ಲೆಲ್ಲ ಹೆಸರಾಯಿತು. ನಮ್ಮ ರಸ್ತೆಗಳ ಮೇಲೆ 2014ರವರೆಗೂ ತಯಾರಾದ ಅಂಬಾಸಿಡರ್ ಭಾರದ ಗಾಡಿ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಹಗುರವಾದದ್ದು. ಹಗುರವಾದರೆ ಪೆಟ್ರೋಲು ಉಳಿಯುತ್ತದೆ, ಸದ್ದು ಒಳಬರುತ್ತದೆ. ಈ ಜಗ್ಗಾಟ ಇಂದಿಗೂ ಮುಗಿದಿಲ್ಲ.

2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಇನ್ನೊಂದು ಬಗೆಯ ಅನುಭವ ಕೊಟ್ಟಿತು. ಇಂಜಿನ್ನೇ ಇಲ್ಲದ ಕಾರಿನಲ್ಲಿ ಮೊರೆತವಿಲ್ಲ, ನಿಜ. ಆದರೆ ಅಷ್ಟು ದಿನ ಮೊರೆತದ ಮರೆಯಲ್ಲಿ ಅಡಗಿದ್ದ ಟಯರಿನ ಸದ್ದು, ಪ್ಲಾಸ್ಟಿಕ್ಕಿನ ಕಿರಿಗುಟ್ಟುವಿಕೆ ಎದ್ದು ಕೇಳಿಸತೊಡಗುತ್ತವೆ. ಹೊರಗಿನವರಿಗೂ ಬೇರೊಂದು ತೊಂದರೆ. ಸದ್ದಿಲ್ಲದೆ ಬರುವ ಕಾರು ಕುರುಡರಿಗೆ, ಮಕ್ಕಳಿಗೆ ಅಪಾಯವೆಂದು ಯುರೋಪಿನಲ್ಲಿ 2019ರ ಜುಲೈನಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳು ನಿಧಾನವಾಗಿ ಚಲಿಸುವಾಗ ಬೇಕೆಂದೇ ಸದ್ದು ಮಾಡಬೇಕೆಂಬ ನಿಯಮ ಬಂತು. ಸದ್ದು ಕಳೆಯಲು ನೂರು ವರ್ಷ ದುಡಿದವರು ಈಗ ಸದ್ದು ಕೂಡಿಸಲು ಕೂತಿದ್ದಾರೆ!

ಕಾರಿನ ಒಳಗೂ ಈ ಎಚ್ಚರ ಬೇಕು. ಹಿಂದಿನ ಲಾರಿಯ ಹಾರ್ನು, ಆಂಬುಲೆನ್ಸಿನ ಸೈರನ್ನು ಚಾಲಕನಿಗೆ ಕೇಳಿಸಲೇಬೇಕು. ಆ ಭಯಕ್ಕೆ ಹೆಚ್ಚು ಕಾರಣವಿಲ್ಲ. ಮನೆಯಲ್ಲಿ ಮಾಡುವ ಇಂಥ ರಿಪೇರಿಯಿಂದ ಕಾರು ಅಷ್ಟೊಂದು ಮೂಕವಾಗುವುದಿಲ್ಲ. ಅದಕ್ಕಿಂತ ದೊಡ್ಡ ಶಬ್ದ ಟೇಪಿನದು.

ಕೊಳ್ಳುವ ಮೊದಲು

ಯಾವ ಸದ್ದಿಗೆ ಯಾವ ವಸ್ತು ಎಂದು ತಿಳಿಯಲು ಮೊದಲು ಕಿವಿಗೊಟ್ಟು ಕೇಳಬೇಕು. ನಿಂತಲ್ಲೇ ಎಕ್ಸಲೇಟರ್ ತುಳಿದಾಗ ಏರುವ ಸದ್ದು ಇಂಜಿನ್ನಿನದು. ಡಾಂಬರು ರಸ್ತೆಯಿಂದ ಕಾಂಕ್ರೀಟಿಗೆ ಹೋದೊಡನೆ ಬದಲಾಗುವುದು ಟಯರಿನದು. ವೇಗ ಏರಿದಂತೆ ಕಿಟಕಿಯ ಬಳಿ ಸೀಟಿ ಹೊಡೆಯುವುದು ಬಿರುಕಿನದು. ಹಳ್ಳಕ್ಕೆ ಇಳಿದಾಗಷ್ಟೇ ಬರುವ ‘ಕಟಕಟ’ ಸಡಿಲವಾದ ಯಾವುದೋ ಕ್ಲಿಪ್ಪಿನದು. ಮಳೆ ಬಂದಾಗ ತಲೆಯ ಮೇಲೆ ಹಲಗಿ ಬಡಿದಂತಾದರೆ ಅದು ಛಾವಣಿಯ ತಗಡು. ಅದರ ನಡುವೆ ಒಂದೆರಡು ಬ್ಯುಟೈಲ್ ಹಾಳೆ ಸಾಕು. ಮೊಬೈಲಿನಲ್ಲಿ ಡೆಸಿಬಲ್ ತೋರಿಸುವ ಆ್ಯಪುಗಳಿವೆ. ಅವು ತೋರಿಸುವ ಅಂಕಿಯನ್ನು ನಂಬಬೇಕಾಗಿಲ್ಲ, ಒಂದೇ ರಸ್ತೆ ಒಂದೇ ವೇಗದಲ್ಲಿ ಮೊದಲು ಎಷ್ಟಿತ್ತು ಆಮೇಲೆ ಎಷ್ಟಾಯಿತು ಎಂದು ಹೋಲಿಸಲು ಅಡ್ಡಿಯಿಲ್ಲ.

ಸ್ಪಂಜಿನಲ್ಲೂ ಎರಡು ಜಾತಿ. ಬಾಯಿಗಿಟ್ಟು ಊದಿದರೆ ಗಾಳಿ ದಾಟುವಂಥದ್ದು ಸದ್ದು ಕುಡಿಯುತ್ತದೆ, ಜೊತೆಗೆ ನೀರನ್ನೂ ಕುಡಿಯುತ್ತದೆ. ಗಾಳಿ ದಾಟದಂಥದ್ದು ಸದ್ದು ಅಷ್ಟಾಗಿ ಕುಡಿಯುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ. ಪ್ಲಾಸ್ಟಿಕ್ಕು ತಗಡಿಗೆ ತಾಗಿ ಕಿರಿಗುಟ್ಟುವ ಕಡೆ ನಡುವೆ ಇಡಲು ಯೋಗ್ಯ. ಬಾಗಿಲಿನ ಒಳಗೆ ಮಳೆನೀರು ಗಾಜಿನ ಸಂದಿಯಿಂದ ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲೆಂದೇ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಅಲ್ಲಿಗೆ ಮೊದಲ ಜಾತಿಯ ಸ್ಪಂಜು ತುರುಕಿ ತೂತು ಮುಚ್ಚಿದ್ದೇ ಕಾಕಾ ಅವರ ಬಾಗಿಲು ತುಕ್ಕು ಹಿಡಿಯಲು ಕಾರಣ. ಕೌದಿ, ಕಂಬಳಿ, ಸೆಣಬಿನ ಫೆಲ್ಟು ಇವೂ ಒಣ ಜಾಗದಲ್ಲಿ ಮಾತ್ರ ಇರಬೇಕು. ನೆಲದ ಫೆಲ್ಟು ಒದ್ದೆಯಾದರೆ ಮೇಲಿನ ಮ್ಯಾಟು ಒಣಗಿದ ಮೇಲೂ ಕೆಳಗೆ ವಾರಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ.

ಬೆಂಕಿಯ ಮಾತನ್ನು ಎಲ್ಲಕ್ಕಿಂತ ಗಂಭೀರವಾಗಿ ಹೇಳಬೇಕು. ಕಾರಿನೊಳಗಿನ ವಸ್ತು ಎಷ್ಟು ನಿಧಾನವಾಗಿ ಉರಿಯಬೇಕೆಂಬುದಕ್ಕೆ ನಮ್ಮಲ್ಲಿ ಐಎಸ್ 15061 ಎಂಬ ಮಾನದಂಡವಿದೆ. ಅಂಗಡಿಯಲ್ಲಿ ಇದನ್ನು ಕೇಳಿ ನೋಡಬೇಕು. ತತ್ತಿಯ ಟ್ರೇ, ಥರ್ಮೊಕೋಲು ಇವನ್ನು ಅಂಟಿಸಿದರೆ ಸದ್ದು ನಿಲ್ಲುತ್ತದೆಂಬ ನಂಬಿಕೆ ಎಲ್ಲೆಡೆ ಇದೆ. ಅವಕ್ಕೆ ಭಾರವಿಲ್ಲ, ಅವು ತಗಡನ್ನು ಹಿಡಿದು ನಿಲ್ಲಿಸುವುದೂ ಇಲ್ಲ. ಬೆಂಕಿ ಬಿದ್ದರೆ ಮಾತ್ರ ಚೆನ್ನಾಗಿ ಉರಿಯುತ್ತವೆ. ಕಂಬಳಿಯ ಉಣ್ಣೆ ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಹತ್ತಿಯ ಕೌದಿ ಹೊತ್ತಿಕೊಳ್ಳುತ್ತದೆ. ಇಂಜಿನ್ನಿನ ಬಳಿ, ಸೈಲೆನ್ಸರಿನ ಮೇಲಿನ ನೆಲಕ್ಕೆ ಕಂಡದ್ದನ್ನೆಲ್ಲ ಅಂಟಿಸಬಾರದು. ಬಾಗಿಲ ಕಂಬಗಳಲ್ಲಿ, ಛಾವಣಿಯ ಅಂಚಿನಲ್ಲಿ, ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗು ಇರುವ ಕಾರುಗಳಲ್ಲಿ ಆ ಜಾಗಗಳನ್ನು ಮುಟ್ಟಲೇಬಾರದು. ಅಪಘಾತದ ಗಳಿಗೆಯಲ್ಲಿ ಅರಳಬೇಕಾದ ಚೀಲಕ್ಕೆ ನಾವು ಅಂಟಿಸಿದ ಹಾಳೆ ಅಡ್ಡ ನಿಂತರೆ ಯಾರನ್ನು ದೂರೋಣ?

ಈ ವರ್ಷ ಕಾಕಾ ಸ್ಪಂಜನ್ನೆಲ್ಲ ಕಿತ್ತು ಹಾಕಿದರು. ಬಾಗಿಲ ತಳದ ತೂತುಗಳನ್ನು ಕಡ್ಡಿಯಿಂದ ಬಿಡಿಸಿ, ತುಕ್ಕು ಉಜ್ಜಿ ಬಣ್ಣ ಹಚ್ಚಿಸಿದರು. ಹೊಸ ಬೀಡಿಂಗ್ ಹಾಕಿಸಿದರು. ಇಂಜಿನ್ನಿನ ಒಂದು ಮೌಂಟಿಂಗ್ ರಬ್ಬರು ಪೂರ್ತಿ ಹರಿದಿತ್ತು, ಅದನ್ನೂ ಬದಲಿಸಿದರು. ಅಷ್ಟಕ್ಕೇ ಅರ್ಧ ಕೆಲಸವಾಗಿತ್ತು. ಆಮೇಲೆ ಬಾಗಿಲುಗಳ ನಡುವೆ ಬ್ಯುಟೈಲ್ ಹಾಳೆ, ಹಿಂದಿನ ಗಾಲಿಗಳ ಕಮಾನಿಗೆ ಫೆಲ್ಟು, ಅದರ ಮೇಲೆ ಭಾರದ ಹಾಳೆ. ನೆಲಕ್ಕೆ ಸಾಕಾಗುವಷ್ಟು ರೊಕ್ಕ ಇರಲಿಲ್ಲ, ಮುಂದೆ ನೋಡೋಣವೆಂದು ಬಿಟ್ಟರು.

ಕಳೆದ ತಿಂಗಳು ನನ್ನ ಅಜ್ಜಿಯನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯುವಾಗ ನಾನೂ ಜೊತೆಗಿದ್ದೆ. ಸೇತುವೆಯ ಮೇಲೆ ‘ಧಡ್’ ಸದ್ದು ಇನ್ನೂ ಬಂತು. ಬಾಗಿಲುಗಳ ಹಿಮ್ಮೇಳ ಬರಲಿಲ್ಲ. ಹಿಂದಿನ ಸೀಟಿನಲ್ಲಿ ಒರಗಿದ್ದ ಅಜ್ಜಿ ಕಣ್ಣು ಮುಚ್ಚಿಕೊಂಡೇ ‘ಹೊಳಿ ಬಂತೇನಪ್ಪಾ?’ ಎಂದಳು. ಕಾಕಾ ತಿರುಗಿ ನೋಡದೆಯೇ ‘ಹೂಂ ಅವ್ವಾ, ಈಗ ದಾಟಾಕತ್ತೀವಿ’ ಎಂದರು. ಸ್ವಲ್ಪ ದೂರ ಹೋದ ಮೇಲೆ ಎಲ್ಲೋ ಸಣ್ಣಗೆ ‘ಕಟಕಟ’ ಎನ್ನುವುದು ಕೇಳಿಸಿತು. ಇಷ್ಟು ವರ್ಷ ಯಾರಿಗೂ ಕೇಳಿಸದಿದ್ದ ಸದ್ದು. ಹುಡುಕಿದರೆ ಅದು ಸೀಟಿನ ಕೆಳಗಿನ ಜಾಕು. ಊರಿಗೆ ಮರಳಿದ ಮೇಲೆ ಕಾಕೂ ಹಳೆಯ ಕೌದಿಯ ಒಂದು ತುಂಡು ಹರಿದು ಅದಕ್ಕೆ ಸುತ್ತಿ ಕಟ್ಟಿದರು.